ಮನೆಯಲ್ಲಿ ನಿಯಾನ್ ಟ್ಯೂಬ್: ಸುರಕ್ಷತೆಗೆ ನಾನು ಮಾಡಿಕೊಂಡ ವ್ಯವಸ್ಥೆ

ರಾಜಾಜಿನಗರದ ನಮ್ಮ ಮನೆಯ ತಾರಸಿ ಕೋಣೆಯಲ್ಲಿ ನಾನು ಕೆಲವು ವರ್ಷಗಳಿಂದ ಹವ್ಯಾಸವಾಗಿ ನಿಯಾನ್ ಟ್ಯೂಬುಗಳನ್ನು ಮಾಡುತ್ತಿದ್ದೇನೆ. ಗಾಜಿನ ಕೊಳವೆಯನ್ನು ಕಾಯಿಸಿ ಅಕ್ಷರದ ಆಕಾರಕ್ಕೆ ಬಗ್ಗಿಸಿ, ಎರಡೂ ತುದಿಗೆ ಎಲೆಕ್ಟ್ರೋಡ್ (ಕರೆಂಟನ್ನು ಒಳಗೆ ಹಾಯಿಸುವ ಲೋಹದ ತುಂಡು) ಬೆಸೆದು, ಒಳಗಿನ ಗಾಳಿಯನ್ನು ಪಂಪಿನಿಂದ ಹೊರಗೆಳೆದು, ನಿಯಾನ್ ಅನಿಲವನ್ನು ತುಂಬಿ ಮುಚ್ಚುವುದು ಈ ಕೆಲಸದ ಸಾರಾಂಶ. ನೋಡಲು ಬಂದವರೆಲ್ಲ ಬರ್ನರಿನ ಬೆಂಕಿಗೆ ಹೆದರುತ್ತಾರೆ. ನಾನು ಹೆಚ್ಚು ಹೆದರುವುದು ಬಾಂಬಾರ್ಡಿಂಗ್ ಎಂಬ ಹಂತಕ್ಕೆ, ಏಕೆಂದರೆ ಮನೆಯ ಮೀಟರ್ ಬೋರ್ಡಿನಲ್ಲಿರುವ ಯಾವ ರಕ್ಷಣೆಯೂ ಅಲ್ಲಿ ನಮ್ಮನ್ನು ಕಾಯುವುದಿಲ್ಲ.

ಗಾಜಿನ ಒಳಮೈಗೆ ಅಂಟಿದ ತೇವ ಮತ್ತು ಕಲ್ಮಶ ಹೋಗದಿದ್ದರೆ ಟ್ಯೂಬ್ ಬೇಗನೆ ಮಂಕಾಗುತ್ತದೆ. ಆದ್ದರಿಂದ ಒಳಗೆ ತುಸುವೇ ಗಾಳಿಯನ್ನು ಉಳಿಸಿಕೊಂಡು, ದೊಡ್ಡ ಟ್ರಾನ್ಸ್‌ಫಾರ್ಮರಿನಿಂದ 15,000 ವೋಲ್ಟಿನಷ್ಟು ಒತ್ತಡದಲ್ಲಿ ನೂರಾರು ಮಿಲಿಆಂಪಿಯರ್ ಕರೆಂಟನ್ನು ಹರಿಸಿ, ಗಾಜು 200 ಡಿಗ್ರಿ ಸೆಲ್ಸಿಯಸ್ ದಾಟಿ ಎಲೆಕ್ಟ್ರೋಡ್ ಕೆಂಪಗೆ ಕಾಯುವವರೆಗೆ ಬಿಸಿ ಮಾಡಬೇಕಾಗುತ್ತದೆ. ಇದೇ ಬಾಂಬಾರ್ಡಿಂಗ್; ಆ ದೊಡ್ಡ ಟ್ರಾನ್ಸ್‌ಫಾರ್ಮರೇ ಬಾಂಬಾರ್ಡರ್. ಅಂಗಡಿ ಬೋರ್ಡುಗಳಿಗೆ ಹಾಕುವ ನಿಯಾನ್ ಟ್ರಾನ್ಸ್‌ಫಾರ್ಮರ್ ಸಾಮಾನ್ಯವಾಗಿ 30 ಮಿಲಿಆಂಪಿಯರ್ ಆಸುಪಾಸಿಗೆ ಸೀಮಿತವಾಗಿರುತ್ತದೆ; ಅದೂ ಅಪಾಯಕಾರಿಯೇ. ಬಾಂಬಾರ್ಡರಿಗೆ ಕೈ ತಗುಲಿದರೆ ಪ್ರಾಣ ಉಳಿಯುತ್ತದೆ ಎಂಬ ಭರವಸೆಯನ್ನು ಯಾರೂ ಇಟ್ಟುಕೊಳ್ಳಬಾರದು.

ಕರೆಂಟು ಸೋರಿದರೆ ತಾನಾಗಿ ಕಡಿಯುವ ಆರ್‌ಸಿಸಿಬಿ ಇದೆಯಲ್ಲ ಎಂದು ಅನೇಕರು ಕೇಳುತ್ತಾರೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಮರಳಿ ಬಂತೇ ಎಂಬುದನ್ನು ಮಾತ್ರ ಆ ಸಾಧನ ನೋಡುತ್ತದೆ. ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ (ಹೆಚ್ಚು ವೋಲ್ಟಿನ) ಸುರುಳಿ ಮನೆಯ ಕರೆಂಟು ಬರುವ ಪ್ರೈಮರಿ ಸುರುಳಿಯಿಂದ ಬೇರೆಯಾಗಿರುವುದರಿಂದ, ಆ ಬದಿಯಲ್ಲಿ ಮನುಷ್ಯನ ಮೈ ಮೂಲಕ ಕರೆಂಟು ಹರಿದರೂ ಈ ಬದಿಯ ಲೆಕ್ಕ ಸರಿಯಾಗಿಯೇ ಇರುತ್ತದೆ. ಕರೆಂಟು ಮಿತಿ ಮೀರಿದಾಗ ಮಾತ್ರ ಕಡಿಯುವ ಎಂಸಿಬಿಗೂ ಅದು ಮಾಮೂಲಿ ಲೋಡಿನಂತೆಯೇ ಕಾಣುತ್ತದೆ. ಹೀಗಾಗಿ, ಕೈ ತಲುಪದಂತೆ ಮಾಡುವುದೊಂದೇ ಇಲ್ಲಿ ರಕ್ಷಣೆ.

ಗಾಜು ಬಗ್ಗಿಸುವುದನ್ನು ಕಲಿಯುವ ಮುಂಚೆಯೇ ನಾನು ಈ ವ್ಯವಸ್ಥೆಯನ್ನು ಮಾಡಿಸಿದೆ. ಎಸ್.ಪಿ. ರಸ್ತೆಯಲ್ಲಿ ಕಾಂಟ್ಯಾಕ್ಟರ್ (ಸಣ್ಣ ಸ್ವಿಚ್ಚಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸಾಧನ), ಪೆಡಲ್ ಸ್ವಿಚ್ ಮತ್ತು ಬಾಗಿಲ ಸ್ವಿಚ್ಚುಗಳನ್ನು ಕೊಂಡು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರಿಂದ ವೈರಿಂಗ್ ಮಾಡಿಸಿ, ಟ್ರಾನ್ಸ್‌ಫಾರ್ಮರಿನ ಮೈಯನ್ನು ದಪ್ಪ ತಂತಿಯಿಂದ ನೇರವಾಗಿ ಅರ್ತಿಂಗ್‌ಗೆ ಸೇರಿಸಿದೆವು. ಟ್ಯೂಬನ್ನು ಜೋಡಿಸುವ ಜಾಗದ ಸುತ್ತ ಪಾಲಿಕಾರ್ಬೊನೇಟ್ ಹಾಳೆಯ ಗೂಡಿದೆ. ಅದರ ಬಾಗಿಲು ತೆರೆದರೆ ಕರೆಂಟು ನಿಲ್ಲುತ್ತದೆ, ಪೆಡಲಿನಿಂದ ಕಾಲು ತೆಗೆದರೂ ನಿಲ್ಲುತ್ತದೆ. ಬೆಸ್ಕಾಂ ಕರೆಂಟು ಹೋಗಿ ಬರುವುದು ನಮಗೆ ಹೊಸದಲ್ಲವಾದ್ದರಿಂದ, ಮರಳಿ ಬಂದಾಗ ಯಂತ್ರ ತಾನಾಗಿ ಚಾಲೂ ಆಗದೆ, ಸ್ಟಾರ್ಟ್ ಬಟನ್ನನ್ನು ಮತ್ತೊಮ್ಮೆ ಒತ್ತಿದ ಮೇಲಷ್ಟೇ ಚಾಲೂ ಆಗುವಂತೆ ಮಾಡಿಸಿದ್ದೇನೆ. ಕಾಂಟ್ಯಾಕ್ಟರಿನ ಒಳಗಿನ ತುದಿಗಳು ಕಿಡಿಗೆ ಕರಗಿ ಅಂಟಿಕೊಳ್ಳುವುದೂ ಉಂಟು. ಆದ್ದರಿಂದ ಆಫ್ ಮಾಡಿದ ಮೇಲೆ ಕರೆಂಟನ್ನು ಪೂರ್ತಿ ಬೇರ್ಪಡಿಸುವ ಮುಖ್ಯ ಐಸೊಲೇಟರ್ ಸ್ವಿಚ್ಚನ್ನೂ ಕೆಳಗಿಳಿಸಿ, ಅರ್ತಿಂಗ್‌ಗೆ ಕಟ್ಟಿದ ಕೊಕ್ಕೆಯುಳ್ಳ ಉದ್ದನೆಯ ಫೈಬರ್ ಕೋಲನ್ನು ಟ್ಯೂಬಿನ ಎರಡೂ ತುದಿಗಳಿಗೆ ತಾಗಿಸದೆ ನಾನು ಕೈ ಹಾಕುವುದಿಲ್ಲ.

ಗಾಜು ಎಷ್ಟು ಕಾಯ್ದಿದೆ ಎಂದು ತಿಳಿಯಲು ಹಳಬರ ವಿಧಾನವನ್ನೇ ಅನುಸರಿಸುತ್ತೇನೆ. ದಿನಪತ್ರಿಕೆಯ ಒಂದು ಚೂರನ್ನು ಟ್ಯೂಬಿನ ಮೇಲೆ ಮೊದಲೇ ಇಟ್ಟು ಬಾಗಿಲು ಮುಚ್ಚುತ್ತೇನೆ. ಕಾಗದದ ಅಂಚು ಹಳದಿಗೆ ತಿರುಗಿ, ಬಳಿಕ ಕಂದು ಬಣ್ಣ ಇಡೀ ಚೂರಿಗೆ ಹರಡಿದಾಗ ಗಾಜು ಹದಕ್ಕೆ ಬಂದಿರುತ್ತದೆ. ಚೂರು ಜಾರಿ ಬಿದ್ದರೆ ಎಲ್ಲವನ್ನೂ ನಿಲ್ಲಿಸಿಯೇ ಸರಿಪಡಿಸಬೇಕು. ತೆಳುವಾದ ಗಾಳಿಯ ಮೂಲಕವೂ ಕರೆಂಟು ಹರಿಯುವುದರಿಂದ, ಪಂಪಿನ ಕಡೆಯ ಗಾಜಿನ ಕವಾಟ ಬಾಂಬಾರ್ಡಿಂಗ್ ನಡೆಯುವಾಗ ಮುಚ್ಚಿರಬೇಕು. ಇಲ್ಲವಾದರೆ ಕಿಡಿ ಲೋಹದ ಪಂಪಿನವರೆಗೂ ಓಡುತ್ತದೆ. ಈ ಹಂತವನ್ನು ನಾನು ಒಬ್ಬನೇ ಮಾಡುವುದಿಲ್ಲ. ನನ್ನ ಭಾವಮೈದುನ ಐಸೊಲೇಟರಿನ ಬಳಿ ನಿಂತಿರುತ್ತಾನೆ. "ಭಾವ, ಬಾಗಿಲು ಹಾಕಿದೆಯಾ ನೋಡಿ" ಎಂದು ಅವನು ಕೇಳಿ, ನಾನು ಉತ್ತರ ಕೊಟ್ಟ ಮೇಲಷ್ಟೇ ಕೆಲಸ ಮುಂದುವರಿಯುತ್ತದೆ.

ಇನ್ನು ಪಾದರಸ. ಶುದ್ಧ ನಿಯಾನ್ ಕೊಡುವುದು ಕೆಂಪು ಮಿಶ್ರಿತ ಕಿತ್ತಳೆ ಬಣ್ಣವನ್ನು. ನೀಲಿ ಮತ್ತು ಇತರ ಅನೇಕ ಬಣ್ಣಗಳಿಗೆ ಆರ್ಗಾನ್ ಜೊತೆ ಒಂದು ಹನಿ ಪಾದರಸ ಬೇಕು. ಪಾದರಸ ನಮ್ಮ ಬೆಂಗಳೂರಿನ ಹವೆಯಲ್ಲೂ ಆವಿಯಾಗುತ್ತಲೇ ಇರುತ್ತದೆ, ಆ ಆವಿಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ, ಮತ್ತು ಅದು ಕೆಡಿಸುವುದು ನರಗಳನ್ನು ಹಾಗೂ ಮೂತ್ರಪಿಂಡಗಳನ್ನು. ಮಕ್ಕಳು ಓಡಾಡುವ ಮನೆಗೆ ಅದನ್ನು ತರುವುದಿಲ್ಲವೆಂದು ನಾನು ತೀರ್ಮಾನಿಸಿ, ಪಾರದರ್ಶಕ ಗಾಜು ಮತ್ತು ಶುದ್ಧ ನಿಯಾನ್ ಎರಡಕ್ಕೇ ನಿಂತಿದ್ದೇನೆ; ಹವ್ಯಾಸಿಗೆ ಆ ಕೆಂಪೇ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ. ಪರಿಚಿತರು ಹಳೆಯ ನೀಲಿ ಬೋರ್ಡನ್ನು ದುರಸ್ತಿಗೆ ತಂದರೂ ಒಪ್ಪುವುದಿಲ್ಲ, ಏಕೆಂದರೆ ಗಾಜು ಬಗ್ಗಿಸುವಾಗ ನಾವು ರಬ್ಬರ್ ಕೊಳವೆಯನ್ನು ಬಾಯಲ್ಲಿಟ್ಟು ಊದುತ್ತೇವೆ, ಮತ್ತು ಅಂತಹ ಟ್ಯೂಬಿನೊಳಗಿನ ಪಾದರಸವೂ ಬಣ್ಣದ ಪುಡಿಯೂ ಅದೇ ದಾರಿಯಲ್ಲಿ ಬಾಯಿಗೆ ಬರಬಹುದು. ಬೇರೆಯವರ ಇಂತಹ ಟ್ಯೂಬು ಮನೆಯಲ್ಲಿ ಒಡೆದರೆ ಕಿಟಕಿಗಳನ್ನು ತೆರೆದು ಮಕ್ಕಳನ್ನು ಹೊರಗೆ ಕಳಿಸಿ, ಬಂಗಾರದ ಉಂಗುರ, ಬಳೆಗಳನ್ನು ತೆಗೆದಿಟ್ಟು, ಗಟ್ಟಿ ಕಾಗದದಿಂದ ಚೂರು ಮತ್ತು ಹನಿಗಳನ್ನು ಒಟ್ಟುಗೂಡಿಸಿ ಮುಚ್ಚಳದ ಡಬ್ಬಿಗೆ ಹಾಕಬೇಕು. ಪೊರಕೆಯಾಗಲಿ ವ್ಯಾಕ್ಯೂಮ್ ಕ್ಲೀನರ್ ಆಗಲಿ ಕೂಡದು. ಅವು ಪಾದರಸವನ್ನು ಕೋಣೆಯ ತುಂಬ ಹರಡುತ್ತವೆ.

ಬೆಂಕಿಯ ವಿಷಯ ಅಡುಗೆಮನೆ ಬಲ್ಲವರಿಗೆ ಗೊತ್ತಿರುವುದೇ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸಿಲಿಂಡರ್ ಕೋಣೆಯ ಹೊರಗಿದೆ, ನೆಲದ ಮಟ್ಟದಲ್ಲಿ ಗಾಳಿಕಿಂಡಿ ಇದೆ. ಕಾದ ಗಾಜು ತಣ್ಣನೆಯ ಗಾಜಿನಂತೆಯೇ ಕಾಣುವುದರಿಂದ ಬಿಸಿ ತುಂಡುಗಳಿಗೆ ಬೇರೆಯೇ ತಟ್ಟೆ ಇಟ್ಟಿದ್ದೇನೆ. ಸೀಸದ ಗಾಜನ್ನು ಕತ್ತರಿಸಿದ ದಿನ ಕೈ ತೊಳೆಯದೆ ಊಟಕ್ಕೆ ಕೂರುವುದಿಲ್ಲ.

ಮುಗಿದ ಟ್ಯೂಬನ್ನು ಗೋಡೆಗೆ ಹಾಕುವಾಗ ಎಲೆಕ್ಟ್ರೋಡುಗಳಿಗೆ ಸಿಲಿಕೋನ್ ಟೋಪಿ ತೊಡಿಸಿ, 15,000 ವೋಲ್ಟಿಗೆ ತಕ್ಕ ಕೇಬಲ್ಲನ್ನೇ ಬಳಸಿ, ಅದು ತಗಡಿಗಾಗಲಿ ಒದ್ದೆ ಗೋಡೆಗಾಗಲಿ ತಾಗದಂತೆ ದೂರವಿಡುತ್ತೇನೆ. ಮಳೆಗಾಲದಲ್ಲಿ ಹತ್ತಿರ ಹೋದಾಗ ಚಿಟಪಟ ಸದ್ದಾಗಲಿ ಓಜೋನಿನ ಘಾಟಾಗಲಿ ಬಂದರೆ ಎಲ್ಲೋ ಕರೆಂಟು ಸೋರುತ್ತಿದೆ ಎಂದರ್ಥ. ಆಗ ಪ್ಲಗ್ ಕಿತ್ತು, ಆ ಕೇಬಲ್ಲನ್ನು ಬದಲಿಸಿದ ಮೇಲೆಯೇ ಟ್ಯೂಬನ್ನು ಮತ್ತೆ ಉರಿಸುತ್ತೇನೆ.