ದರೆ, ಹಳ್ಳ, ಬಾವಿ: ಮಲೆನಾಡಿನ ಮನೆಯನ್ನು ಮಳೆಗಾಲಕ್ಕೆ ಸಜ್ಜು ಮಾಡುವುದು ಹೇಗೆ?

ಆಗಸ್ಟ್ ಮೊದಲ ಭಾಗದಲ್ಲಿ ಬರುವ ಮಳೆನಕ್ಷತ್ರದ ಬಗ್ಗೆ ‘ಆಶ್ಲೇಷಾ ಮಳೆ ಈಸಲಾರದ ಹೊಳೆ’ ಎಂಬ ಗಾದೆಯನ್ನು ಮಲೆನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದು, 2019ರಲ್ಲಿ ತುಂಗೆ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದ್ದು ಎರಡೂ ಆಗಸ್ಟ್ ತಿಂಗಳಲ್ಲಿ. ಆದರೆ 2023ರ ಆಗಸ್ಟ್, ದೇಶದ ಮಟ್ಟಿಗೆ 1901ರಿಂದ ಈಚೆಗೆ ಕಂಡ ಅತಿ ಒಣ ಆಗಸ್ಟ್ ಆಯಿತು. ಮರುವರ್ಷ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ, ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿಯಿತು. ನಕ್ಷತ್ರ ನೋಡಿ ಕೆಲಸ ಹೊಂದಿಸಿಕೊಳ್ಳುತ್ತಿದ್ದ ನಮ್ಮ ಹಿರಿಯರ ಲೆಕ್ಕ ಈಗ ಹಿಡಿತಕ್ಕೆ ಸಿಗುತ್ತಿಲ್ಲ.

ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಡಿದಿಟ್ಟದ್ದನ್ನು ಒಮ್ಮೆಲೇ ಸುರಿಯುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಮಳೆಯನ್ನು ತಡೆದುಕೊಂಡ ಗುಡ್ಡಗಳು ನಮ್ಮವು. ಆ ಮಳೆ ತಿಂಗಳುಗಟ್ಟಲೆ ಜಿಟಿಜಿಟಿಯಾಗಿ ಬೀಳುತ್ತಿತ್ತು, ಗುಡ್ಡದ ಬುಡವನ್ನು ಯಾರೂ ಕೆದಕಿರಲಿಲ್ಲ. ಈಗ ಮಳೆ ಎರಡು ಮೂರು ದಿನಗಳಲ್ಲಿ ದಬದಬನೆ ಬೀಳುತ್ತದೆ, ನಾವು ಮನೆಗೂ ರಸ್ತೆಗೂ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದಿದ್ದೇವೆ. ಹೀಗೆ ಕಡಿದ ಮಣ್ಣಿನ ಗೋಡೆಯೇ ದರೆ. ಬೀಳುವ ಮಳೆ ನಮ್ಮ ಕೈಯಲ್ಲಿಲ್ಲ. ಬಿದ್ದ ನೀರು ಎಲ್ಲಿ ಹೋಗಬೇಕು ಎಂಬುದು ಬಹುಪಾಲು ನಮ್ಮ ಕೈಯಲ್ಲೇ ಇದೆ.

ಮೊದಲ ಕೆಲಸ: ನೀರಿನ ಹಿಂದೆ ನಡೆಯಿರಿ

ಮೇ ತಿಂಗಳಲ್ಲಿ ಒಂದು ದೊಡ್ಡ ಮಳೆ ಬರುವವರೆಗೆ ಕಾಯಿರಿ. ಗುಡುಗು ಮಿಂಚು ನಿಂತ ಮೇಲೆ, ನೀರು ಇನ್ನೂ ಹರಿಯುತ್ತಿರುವಾಗಲೇ ಕೊಡೆ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ. ಒಣಗಿದ ಅಂಗಳದಲ್ಲಿ ನಿಂತು ಊಹಿಸುವುದಕ್ಕಿಂತ ಇದು ಎಷ್ಟೋ ಮೇಲು. ಮಾಡಿನ (ಛಾವಣಿಯ) ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಮಣ್ಣಿನೊಳಗೆ ಸದ್ದಿಲ್ಲದೆ ಇಳಿಯುತ್ತದೆ ಎಂಬುದನ್ನು ಕಣ್ಣಾರೆ ನೋಡಿ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನಿಮ್ಮ ಮಾಡು 100 ಚದರ ಮೀಟರ್ ಇದ್ದು, ದಿನದಲ್ಲಿ 200 ಮಿಲಿಮೀಟರ್ ಮಳೆಯಾದರೆ ಮಾಡಿನಿಂದ ಇಳಿಯುವುದು 20,000 ಲೀಟರ್. ಅದರಲ್ಲಿ ಅರ್ಧ ಮನೆಯ ಹಿಂಬದಿಗೆ, ಗೋಡೆಗೂ ದರೆಗೂ ನಡುವಿನ ನಾಲ್ಕಡಿ ಓಣಿಗೆ ಬೀಳುತ್ತದೆ. ದರೆಯ ಬುಡ ನೆನೆಯುವುದಕ್ಕೆ ಇಷ್ಟು ಸಾಕು. ಮಾಡಿನ ಅಂಚಿನ ನೀರು ಹಿಡಿದು ಸಾಗಿಸುವ ದೋಣಿಯನ್ನು, ಅಡಿಕೆ ಮರದ್ದೋ ಪಿವಿಸಿಯದೋ, ಹಿಂಬದಿಯ ಮಾಡಿಗೆ ಮೊದಲು ಹಾಕಿಸಿ. ಮುಂಬದಿಗೆ ಆಮೇಲೆ ಹಾಕಿಸಿದರೂ ನಡೆಯುತ್ತದೆ.

ಆಮೇಲೆ ದರೆಯ ಮೇಲಕ್ಕೆ ಹತ್ತಿ. ಅದರ ಅಂಚಿನಿಂದ ಸ್ವಲ್ಪ ಹಿಂದೆ, ಮೇಲಿನ ಗುಡ್ಡದ ನೀರನ್ನು ಅಡ್ಡಲಾಗಿ ಹಿಡಿದು ಪಕ್ಕದ ಹಳ್ಳಕ್ಕೆ ಸಾಗಿಸುವ ಕಾಲುವೆ ಇರಬೇಕು. ಹಳೆಯ ಮನೆಗಳಿಗೆಲ್ಲ ಅದು ಇರುತ್ತಿತ್ತು. ಈಗ ತರಗೆಲೆ ತುಂಬಿ ಮುಚ್ಚಿಹೋಗಿರುತ್ತದೆ. ಅದನ್ನು ಬಿಡಿಸಿ, ನೀರು ನಿಲ್ಲದಂತೆ ಇಳಿಜಾರು ಕೊಡಿ. ನಿಂತ ನೀರಿನ ಕಾಲುವೆ ಕಾಲುವೆಯೇ ಇಲ್ಲದ್ದಕ್ಕಿಂತ ಅಪಾಯ.

ಇಂಗುಗುಂಡಿಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ನೀರು ಇಂಗಿಸುವುದು ಒಳ್ಳೆಯ ಕೆಲಸ. 2023ರಂತಹ ಬರದ ವರ್ಷದಲ್ಲಿ ಬಾವಿಯ ತಳ ಕಂಡವರಿಗೆ ಅದರ ಬೆಲೆ ಗೊತ್ತು. ಆದರೆ ಮನೆಯ ಹಿಂದಿನ ಕಡಿದ ದರೆಯ ನೆತ್ತಿಯಲ್ಲಿ ಇಂಗುಗುಂಡಿ ತೋಡಿದರೆ ದರೆಯ ಹೊಟ್ಟೆಗೆ ನಾವೇ ನೀರು ಕುಡಿಸಿದಂತೆ. ಇಂಗಿಸುವುದಿದ್ದರೆ ಇಳಿಜಾರು ಕಡಿಮೆ ಇರುವ ಜಾಗದಲ್ಲಿ, ಮನೆಯಿಂದ ದೂರ ಇಂಗಿಸಿ. ಶೌಚಾಲಯದ ಗುಂಡಿಗೂ, ಗುಡ್ಡದ ಅಬ್ಬಿಯಿಂದ ಬರುವ ಪೈಪಿನ ಸೋರುವ ಜಾಯಿಂಟಿಗೂ ಇದೇ ಮಾತು. ವರ್ಷವಿಡೀ ತೊಟ್ಟಿಕ್ಕುವ ಒಂದು ಜಾಯಿಂಟ್ ಮಳೆಗಾಲಕ್ಕೆ ಮೊದಲೇ ದರೆಯನ್ನು ಮೆತ್ತಗೆ ಮಾಡಿರುತ್ತದೆ.

ದರೆಯ ಮೇಲಿನ ಹುಲ್ಲನ್ನು ಕೆತ್ತಬೇಡಿ. ಬೋಳಾಗಿದ್ದರೆ ಲಾವಂಚ ನೆಡಿ, ಅದರ ಬೇರು ನೇರವಾಗಿ ಆಳಕ್ಕೆ ಇಳಿಯುತ್ತದೆ. ಅಂಚಿನಲ್ಲಿ ವಾಲಿ ನಿಂತ ಭಾರದ ಅಕೇಶಿಯಾ ಇದ್ದರೆ ಕೊಂಬೆ ಸವರಿಸಿ. ವಿದ್ಯುತ್ ತಂತಿ ಹತ್ತಿರವಿದ್ದರೆ ಮೆಸ್ಕಾಂ ಸಿಬ್ಬಂದಿಯನ್ನು ಕರೆಯದೆ ಮರ ಮುಟ್ಟಬೇಡಿ. ಹೊಸ ಮನೆ ಕಟ್ಟುವವರು ದರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ಜಾಗವನ್ನಾದರೂ ಗೋಡೆಗೂ ದರೆಗೂ ನಡುವೆ ಬಿಡಿ. ತಡೆಗೋಡೆ ಕಟ್ಟಿಸಿದರೆ ನೀರು ಹೊರಬರಲು ತೂತುಗಳನ್ನು ಬಿಡಿಸಲೇಬೇಕು. ಇಲ್ಲವಾದರೆ ಹಿಂದೆ ತುಂಬಿದ ನೀರೇ ಗೋಡೆಯನ್ನು ಮುಂದಕ್ಕೆ ದೂಡುತ್ತದೆ.

ಮಳೆಯನ್ನು ಅಳೆಯಿರಿ

ಮಲೆನಾಡಿನ ಹಲವು ಕೃಷಿಕರ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕವಿದೆ. ನಿಮ್ಮಲ್ಲಿ ಇಲ್ಲದಿದ್ದರೆ ಈ ವರ್ಷವೇ ಶುರು ಮಾಡಿ. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಮರ, ಮಾಡುಗಳಿಂದ ದೂರ ಬಯಲಿನಲ್ಲಿಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೇಲಿನಿಂದ ಅಳೆದು ಬರೆಯಿರಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ ಮಳೆ. ಆರೆಂಜ್, ರೆಡ್ ಅಲರ್ಟ್‌ಗಳನ್ನು ಇಡೀ ಜಿಲ್ಲೆಗೆ ಕೊಡುತ್ತಾರೆ. ಒಂದೇ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದಲ್ಲಿ ಬಿಸಿಲಿದ್ದಾಗ ಹುಲಿಕಲ್ಲಿನಲ್ಲಿ ಜಡಿಮಳೆ ಇರಬಹುದು. ನಿಮ್ಮ ಅಂಗಳದ ಲೆಕ್ಕವನ್ನು ನಿಮ್ಮ ಡಬ್ಬಿಯೇ ಹೇಳಬೇಕು.

ನಮ್ಮ ಮನೆಯಲ್ಲಿ ಒಂದು ನಿಯಮವಿದೆ: ಸತತ ಮೂರು ದಿನ ನೂರು ದಾಟಿದರೆ ದರೆಯ ಕಡೆಯ ಕೋಣೆಯಲ್ಲಿ ಯಾರೂ ಮಲಗುವುದಿಲ್ಲ. ನಿಮ್ಮ ದರೆಯ ಎತ್ತರ, ಮಣ್ಣು ನೋಡಿಕೊಂಡು ಇನ್ನೂ ಬಿಗಿಯಾದ ನಿಯಮ ಮಾಡಿಕೊಳ್ಳಬಹುದು. ಮಳೆ ಬರುವ ಮೊದಲೇ ಮಾಡಿಕೊಂಡಿರಬೇಕು. ರಾತ್ರಿ ಹನ್ನೊಂದಕ್ಕೆ ಕರೆಂಟಿಲ್ಲದ ಮನೆಯಲ್ಲಿ ಕುಳಿತು ಚರ್ಚಿಸಿದರೆ ‘ನಾಳೆ ನೋಡೋಣ’ ಎಂಬ ಮಾತೇ ಗೆಲ್ಲುತ್ತದೆ.

ಹೊಳೆಯ ದಡದವರಿಗೆ ಹಳೆಯ ಅಳತೆಗೋಲುಗಳಿವೆ. ತೀರ್ಥಹಳ್ಳಿಯಲ್ಲಿ ರಾಮಮಂಟಪ, ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಮಂಟಪ ಮುಳುಗಿತೆಂದರೆ ತುಂಗೆ ತುಂಬಿದಳು ಎಂದರ್ಥ. ಶಿವಮೊಗ್ಗಕ್ಕಿಂತ ಮೇಲೆ ತುಂಗೆಗೆ ಕಟ್ಟಿದ ಗಾಜನೂರಿನ ಅಣೆಕಟ್ಟು ಚಿಕ್ಕದು, ಬೇಗ ತುಂಬಿ ಗೇಟು ತೆರೆಯುತ್ತದೆ. ಮಂಟಪ ನೋಡಲು ಜನ ಸೇರುವ ಹೊತ್ತಿಗೆ ತಗ್ಗು ಬಡಾವಣೆಯವರು ಕಡತ, ಗ್ಯಾಸ್ ಸಿಲಿಂಡರ್, ಅಕ್ಕಿಯನ್ನು ಅಟ್ಟಕ್ಕೇರಿಸಿ ಮುಗಿಸಿರಬೇಕು.

ದರೆ ಮುನ್ಸೂಚನೆ ಕೊಡುತ್ತದೆ

2019ರ ಜುಲೈ ಕೊನೆಯಲ್ಲಿ ನಮ್ಮ ಮನೆಯ ಹಿಂಬಾಗಿಲು ಬಿಗಿಯಾಯಿತು. ಮಳೆಗಾಲದಲ್ಲಿ ಮಲೆನಾಡಿನ ಯಾವ ಮನೆಯ ಬಾಗಿಲು ಬಿಗಿಯಾಗುವುದಿಲ್ಲ? ಹಲಸಿನ ಮರ, ನೀರು ಕುಡಿದು ಉಬ್ಬಿದೆ ಎಂದುಕೊಂಡು ನಾನು ಆಚಾರಿಯವರನ್ನು ಕರೆಸಿ ಮೇಲಿನ ಮೂಲೆಯನ್ನು ಹೆರೆಸಿದೆ. ವಾರ ಕಳೆಯುವುದರೊಳಗೆ ಅದೇ ಮೂಲೆ ಮತ್ತೆ ಕಚ್ಚಿತು. ಅಮ್ಮ ಮಾತ್ರ, ‘ಕೆಳಗಿನ ಮೂಲೆಯಲ್ಲಿ ಬೆಳಕು ಕಾಣುತ್ತಿದೆ, ಉಬ್ಬಿದ ಬಾಗಿಲು ಹೀಗಿರುವುದಿಲ್ಲ’ ಎಂದರು. ಅಂದು ರಾತ್ರಿ ಎಲ್ಲರೂ ಜಗಲಿಯಲ್ಲಿ ಮಲಗಿದೆವು. ಬೆಳಗಿನ ಜಾವ ದರೆ ಜರಿದು ಬಚ್ಚಲು ಮನೆಯನ್ನು ತುಂಬಿತು.

ಅಮ್ಮ ಕಂಡ ವ್ಯತ್ಯಾಸ ಇದು. ಮರ ಉಬ್ಬಿದರೆ ಬಾಗಿಲು ಉದ್ದಕ್ಕೂ ಬಿಗಿಯಾಗುತ್ತದೆ. ನೆಲ ಸರಿದು ಚೌಕಟ್ಟು ವಾಲಿದರೆ ಒಂದು ಮೂಲೆ ಕಚ್ಚುತ್ತದೆ, ಇನ್ನೊಂದು ಮೂಲೆಯಲ್ಲಿ ಬೆಣೆಯಾಕಾರದ ಸಂದು ಬಿಡುತ್ತದೆ. ಈ ಮಳೆಗಾಲದಲ್ಲಿ ನಿಮ್ಮ ಹಿಂಬಾಗಿಲನ್ನು ಹೀಗೆ ಒಮ್ಮೆ ನೋಡಿ.

ಗೋಡೆಯಲ್ಲೋ ನೆಲದಲ್ಲೋ ಬಿರುಕು ಕಂಡರೆ ಅದಕ್ಕೆ ಅಡ್ಡವಾಗಿ ಪೆನ್ಸಿಲ್ ಗೆರೆ ಎಳೆದು, ತಾರೀಖು ಬರೆದಿಡಿ. ಗೆರೆಯ ಎರಡು ತುಂಡು ಬೇರೆಯಾದರೆ ಬಿರುಕು ಜೀವಂತವಾಗಿದೆ. ದರೆಯ ಮೇಲಿನ ನೆಲ ಬಿರಿದಿದ್ದರೆ ಎರಡೂ ಬದಿಗೆ ಗೂಟ ಬಡಿದು ದಿನಕ್ಕೆರಡು ಬಾರಿ ಅಂತರ ಅಳೆಯಿರಿ. ಬಿರುಕಿಗೆ ಜೇಡಿಮಣ್ಣು ತುಂಬಿ ಮೇಲೆ ಟಾರ್ಪಾಲು ಹೊದಿಸಿದರೆ ನೀರು ಇಳಿಯುವುದು ಕಡಿಮೆಯಾಗುತ್ತದೆ. ಆದರೆ ಅಂತರ ಹೆಚ್ಚುತ್ತಲೇ ಇದ್ದರೆ ಟಾರ್ಪಾಲು ನಂಬಿ ಮನೆಯಲ್ಲಿ ಇರಬೇಡಿ. ನೆಟ್ಟಗಿದ್ದ ಮರ ವಾಲುವುದು, ದರೆಯಲ್ಲಿ ಇಲ್ಲದ ಜಾಗದಲ್ಲಿ ಹೊಸದಾಗಿ ಜಲ ಏಳುವುದು, ತಿಳಿಯಾಗಿ ಬರುತ್ತಿದ್ದ ಜಲ ಕೆಂಪಾಗುವುದು ಇವೆಲ್ಲ ಹೊರಡಬೇಕೆಂಬ ಸೂಚನೆಗಳೇ. ಎಲ್ಲಕ್ಕಿಂತ ಮೋಸದ ಗುರುತು ಇನ್ನೊಂದಿದೆ. ಮಳೆ ಸುರಿಯುತ್ತಿದ್ದರೂ ಹಳ್ಳದ ನೀರು ತಟ್ಟನೆ ಇಳಿಯುವುದು. ಮೇಲೆಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿದೆ ಎಂದು ತಿಳಿಯಿರಿ. ಅದು ಒಡೆದಾಗ ಒಟ್ಟಿಗೇ ಬರುತ್ತದೆ.

ಹೊರಡುವಾಗ

ಆಧಾರ್, ಪಹಣಿ, ಪಾಸ್‌ಬುಕ್, ಔಷಧಿ, ಟಾರ್ಚು, ಪವರ್ ಬ್ಯಾಂಕ್ ಇವನ್ನು ಜೂನ್‌ನಲ್ಲೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮುಂಬಾಗಿಲ ಬಳಿ ತೂಗುಹಾಕಿ. ಕರೆಂಟು ಹೋದ ಕೆಲವು ಗಂಟೆಗಳಲ್ಲಿ ಟವರ್ ಕೂಡ ಕೈಕೊಡುವುದರಿಂದ, ಎಲ್ಲಿ ಸೇರಬೇಕೆಂದು ಮನೆಮಂದಿ ಮೊದಲೇ ಮಾತಾಡಿಕೊಂಡಿರಬೇಕು. ಬ್ಯಾಟರಿಯ ರೇಡಿಯೋ ಒಂದಿದ್ದರೆ ಭದ್ರಾವತಿ ಆಕಾಶವಾಣಿ ಸಿಗುತ್ತದೆ. ತುರ್ತಿಗೆ 112, ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ವಿದ್ಯುತ್ ತೊಂದರೆಗೆ 1912. ಕೊಟ್ಟಿಗೆಯ ಕಣ್ಣಿ ಬಿಚ್ಚಿಯೇ ಹೊರಡಿ. ಕಟ್ಟಿದ ಜಾನುವಾರು ಎಲ್ಲಿಗೂ ಓಡಲಾರದು.

ಕಾಲುಸಂಕದ ಮೇಲೆ ನೀರು ಹರಿಯುತ್ತಿದ್ದರೆ, ಪಾದ ಮುಳುಗುವಷ್ಟೇ ಇದ್ದರೂ, ದಾಟಬೇಡಿ. ಶಾಲೆಗೆ ರಜೆ ಘೋಷಣೆಯಾಗಿಲ್ಲವೆಂದು ಮಗುವನ್ನು ಸಂಕ ದಾಟಿಸುವ ತಾಯಂದಿರನ್ನು ಪ್ರತಿ ವರ್ಷ ನೋಡುತ್ತೇನೆ. ರಜೆ ಕೊಡುವ ಅಧಿಕಾರ ಆ ಹೊತ್ತಿಗೆ ನಿಮ್ಮದೇ. ದಯವಿಟ್ಟು ಮನೆಯಲ್ಲಿ ಉಳಿಸಿಕೊಳ್ಳಿ.

ಮಳೆ ಇಳಿದ ಮೇಲೆ

ಸ್ವಚ್ಛ ಮಾಡುವ ಮೊದಲು ಫೋಟೊ ತೆಗೆಯಿರಿ. ಗೋಡೆಯ ಮೇಲೆ ನೀರು ನಿಂತ ಗುರುತು, ಬಿದ್ದ ಹೆಂಚು, ಮಲಗಿದ ಅಡಿಕೆ ಮರ, ಹೂಳು ತುಂಬಿದ ಗದ್ದೆ ಎಲ್ಲವೂ ಇರಲಿ. ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಕೇಂದ್ರದ 2022–26ರ ಮಾರ್ಗಸೂಚಿಯ ಪ್ರಕಾರ ಬೆಳೆ ನಷ್ಟ ಶೇಕಡಾ 33 ಅಥವಾ ಹೆಚ್ಚಿದ್ದರೆ ಮಾತ್ರ ಪರಿಹಾರ. ಅಡಿಕೆಯಂತಹ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಎರಡು ಹೆಕ್ಟೇರಿನ ಮಿತಿಯಲ್ಲಿ. ಹತ್ತಾರು ವರ್ಷ ಸಾಕಿದ ತೋಟಕ್ಕೆ ಈ ಮೊತ್ತ ಏನೇನೂ ಸಾಲದು, ಆದರೂ ಬಿಡಬೇಡಿ. ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಇದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಮಳೆಗಾಲಕ್ಕೆ ಮೊದಲೇ ನೋಡಿಕೊಂಡಿರಿ.

ವಿಮೆಯಲ್ಲಿ ಎರಡು ಬಗೆ ಇರುವುದರಿಂದ ಗೊಂದಲ ಬೇಡ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಗೆ ರೈತ ಶೇಕಡಾ 5 ಕಂತು ಕಟ್ಟುತ್ತಾನೆ. ಹಣ ಬರುವುದು ಮಳೆಮಾಪನ ಕೇಂದ್ರದ ಅಂಕಿಗಳ ಮೇಲೆ, ತೋಟ ನೋಡಿ ಅಲ್ಲ. ಭತ್ತದ ಫಸಲ್ ಬಿಮಾ ಯೋಜನೆಯಲ್ಲಿ ಭೂಕುಸಿತದಂತಹ ಸ್ಥಳೀಯ ಹಾನಿಯಾದರೆ 72 ಗಂಟೆಯೊಳಗೆ ದೂರು ದಾಖಲಾಗಬೇಕು.

ಕೆಂಪು ನೀರು ನುಗ್ಗಿದ ಬಾವಿಯನ್ನು ತಕ್ಷಣ ಪಂಪು ಹಾಕಿ ಬರಿದು ಮಾಡಬೇಡಿ. ಸುತ್ತಲಿನ ನೆನೆದ ಮಣ್ಣು ಒಳಕ್ಕೆ ಜರಿಯಬಹುದು. ಒಂದೆರಡು ವಾರ ಕುಡಿಯಲು ಬೇರೆ ನೀರು ತಂದುಕೊಳ್ಳಿ. ಹೂಳು ಕೂತ ಮೇಲೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ತೋಡಿ ಹೊರಹಾಕಿ, ನೀರು ತಿಳಿಯಾದಾಗ ಬ್ಲೀಚಿಂಗ್ ಪುಡಿ ಹಾಕಿ. ಲೆಕ್ಕ ಹೀಗೆ: ಬಾವಿಯ ವ್ಯಾಸವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿ. ಅಳತೆ ಮೀಟರಿನಲ್ಲಿದ್ದರೆ ಉತ್ತರ ಲೀಟರಿನಲ್ಲಿ ಬರುತ್ತದೆ. ಎರಡೂವರೆ ಮೀಟರ್ ವ್ಯಾಸ, ನಾಲ್ಕು ಮೀಟರ್ ನೀರು ಎಂದರೆ ಸುಮಾರು 19,600 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂನಂತೆ ಸುಮಾರು 50 ಗ್ರಾಂ ಪುಡಿ ಬೇಕು. ಪುಡಿ ಹೊಸದಾಗಿರಲಿ, ಮಳೆಗಾಲದ ಗಾಳಿ ತಗುಲಿ ಗಟ್ಟಿಯಾದದ್ದು ಕೆಲಸ ಮಾಡುವುದಿಲ್ಲ. ಬಕೆಟ್ಟಿನಲ್ಲಿ ಮೊದಲು ಹಿಟ್ಟಿನಂತೆ ಕಲಸಿ, ಮುಕ್ಕಾಲು ಭಾಗ ನೀರು ತುಂಬಿ ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ, ಅದನ್ನು ಬಾವಿಗೆ ಹಾಕಬೇಡಿ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಸಿದು, ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಎಳೆದಾಡಿ. ಒಂದು ಗಂಟೆ ಯಾರೂ ನೀರು ಸೇದಬಾರದು. ಆಮೇಲೂ ಆ ಮಳೆಗಾಲ ಮುಗಿಯುವವರೆಗೆ ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ.

ಕೆಸರು ಬಾಚುವವರು ಗಂಬೂಟು ಹಾಕಿಕೊಳ್ಳಲಿ. ಕಾಲಿನಲ್ಲಿ ಗಾಯವಿದ್ದರೆ ಕೆಸರಿಗೆ ಇಳಿಯಬೇಡಿ. ಆಮೇಲಿನ ವಾರಗಳಲ್ಲಿ ಜ್ವರ, ಮೀನಖಂಡ ನೋವು, ಕಣ್ಣು ಕೆಂಪಾದರೆ ಇಲಿ ಜ್ವರವಿರಬಹುದು. ನೆರೆಯ ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಕಚ್ಚಿದ ಕಾಲನ್ನೋ ಕೈಯನ್ನೋ ಅಲುಗಾಡಿಸದೆ 108ರಲ್ಲಿ ಆಸ್ಪತ್ರೆಗೆ ಒಯ್ಯಿರಿ.

ತೋಟದಲ್ಲಿ ಮೊದಲು ಬಸಿಗಾಲುವೆ ಬಿಡಿಸಿ, ಆಮೇಲೆ ಉದುರಿದ ಅಡಿಕೆಯನ್ನು ಹೆಕ್ಕಿ ಹೊರಹಾಕಿ. ಕೊಳೆರೋಗ ಅಲ್ಲಿಂದಲೂ ಹಬ್ಬುತ್ತದೆ. ಕೊಳೆ ತಡೆಯುವ ಬೋರ್ಡೋ ದ್ರಾವಣವನ್ನು ಎರಡನೆಯ ಸಲ ಹೊಡೆಯಲು ಮೊದಲನೆಯದಾದ 40–45 ದಿನಕ್ಕೆ ಸರಿಯಾಗಿ ಮಳೆ ಬಿಟ್ಟು ಹೊಳವು ಸಿಗುವುದು ಈಗ ಅಪರೂಪ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರನ್ನು ಮೊದಲೇ ಗೊತ್ತು ಮಾಡಿಕೊಂಡು, ದ್ರಾವಣಕ್ಕೆ ಬೇಕಾದ ಮೈಲುತುತ್ತು, ಸುಣ್ಣ ತಂದಿಟ್ಟುಕೊಂಡಿದ್ದರೆ ಅರ್ಧ ದಿನದ ಬಿಸಿಲನ್ನಾದರೂ ಬಳಸಬಹುದು.

ಇನ್ನು ಬಿದ್ದ ಮಣ್ಣು. ದರೆ ಜರಿದ ಮರುದಿನವೇ ಜೆಸಿಬಿ ಕರೆಯಲು ಮನಸ್ಸು ತುಡಿಯುತ್ತದೆ. ಬಚ್ಚಲು ಮನೆ ಮಣ್ಣಿನಡಿ ಇದ್ದಾಗ ನಮಗೂ ಹಾಗೆಯೇ ಆಗಿತ್ತು. ಆದರೆ ಬುಡದಲ್ಲಿ ಬಿದ್ದಿರುವ ಆ ಮಣ್ಣೇ ಮೇಲಿನ ಗುಡ್ಡಕ್ಕೆ ಆನಿಕೆಯಾಗಿ ನಿಂತಿರುತ್ತದೆ. ನೆನೆದಿರುವಾಗಲೇ ಅದನ್ನು ತೆಗೆದರೆ ಇನ್ನೊಂದು ಪಾಲು ಇಳಿಯುತ್ತದೆ. ಯಾರಾದರೂ ಸಿಲುಕಿದ್ದರೆ, ದಾರಿ ಮುಚ್ಚಿದ್ದರೆ ಮಾತು ಬೇರೆ. ಉಳಿದಂತೆ ಅದರ ಮೇಲೆ ಟಾರ್ಪಾಲು ಹೊದಿಸಿ, ಬದಿಯಲ್ಲಿ ನೀರಿಗೆ ದಾರಿ ಮಾಡಿ, ದೀಪಾವಳಿ ಕಳೆದು ಮಣ್ಣು ಒಣಗುವವರೆಗೆ ಹಾಗೆಯೇ ಬಿಡಿ. ಆಮೇಲೆ ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ತೆಗೆಸಿ, ಕೆಳಗಿನಿಂದ ಅಗೆಯಲು ಬಿಡಬೇಡಿ. ನಾವು ತೆಗೆಸಿದ್ದು ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಸ್ನಾನಕ್ಕೆ ಅಂಗಳದ ಮೂಲೆಯಲ್ಲಿ ಸೋಗೆಯ ಮರೆ ಕಟ್ಟಿಕೊಂಡಿದ್ದೆವು. ಹೊಸ ಬಚ್ಚಲನ್ನು ಮನೆಯ ಇನ್ನೊಂದು ಬದಿಗೆ ಕಟ್ಟಿಸಿ, ಹಳೆಯ ಜಾಗದಲ್ಲಿ ಲಾವಂಚ ನೆಟ್ಟಿದ್ದೇವೆ.