"ಪ್ರಾರ್ಥನೆ ಮಾಡ್ತೀನಿ" ಅಂದ ಮೇಲೆ ನಾನು ಏನೇನು ಮಾಡ್ತೀನಿ

ಬೈಬಲಲ್ಲಿರೋ ಯಾಕೋಬನ ಪತ್ರಿಕೆ, ಅಂದ್ರೆ ಅವನು ವಿಶ್ವಾಸಿಗಳಿಗೆ ಬರೆದ ಕಾಗದ, ಅದರ 2ನೇ ಅಧ್ಯಾಯದ ಮೇಲೆ ಚರ್ಚಲ್ಲಿ ಎಷ್ಟು ಪ್ರಸಂಗ ಕೇಳಿದೀನೋ ಲೆಕ್ಕ ಇಲ್ಲ. ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅಂದ ತಕ್ಷಣ ಇಡೀ ಸಭೆ ಆಮೆನ್ ಅನ್ನುತ್ತೆ. ಆದ್ರೆ ಅದಕ್ಕೆ ಮುಂಚೆ 15, 16ನೇ ವಚನದಲ್ಲಿ ಅವನು ಕೊಡೋ ಉದಾಹರಣೆ ನೋಡಿ, ಮೈಮೇಲೆ ಬಟ್ಟೆ ಇಲ್ಲ ಆ ದಿನದ ಊಟಕ್ಕೂ ಇಲ್ಲ ಅಂತ ಇರೋರಿಗೆ ಸಮಾಧಾನವಾಗಿ ಹೋಗಿ, ಬೆಚ್ಚಗಿರಿ, ಹೊಟ್ಟೆ ತುಂಬ ಉಣ್ಣಿ ಅಂತ ಒಳ್ಳೇ ಮಾತು ಹೇಳಿ ಕಳಿಸಿಬಿಡೋದು. ಹೇಳ್ತಿರೋನು ಅವಿಶ್ವಾಸಿ ಅಲ್ಲ, ಸಭೆಯವನೇ! ಈಗ ಅದೇ ಮಾತು ವಾಟ್ಸ್ಯಾಪಲ್ಲಿ ಕೈಮುಗಿಯೋ ಇಮೋಜಿ ಜೊತೆ ಹೋಗುತ್ತೆ, ಅಷ್ಟೇ ವ್ಯತ್ಯಾಸ.

ನಾನು ಶುರು ಮಾಡಿದ್ದು ಅಲ್ಲಿಂದಾನೇ. ಪ್ರಾರ್ಥನೆಗೆ ಹೆಸರು ಬರ್ಕೊಳ್ಳೋ ಪುಸ್ತಕ ಇತ್ತಲ್ಲ, ಅದರ ಪುಟದ ಮಧ್ಯೆ ಒಂದು ಗೆರೆ ಎಳೆದೆ, ಎಡಗಡೆ ಹೆಸರು, ಬಲಗಡೆ ನಾನು ಮಾಡಬೇಕಾದ ಕೆಲಸ. ಬಲಗಡೆ ಖಾಲಿ ಇದ್ರೆ ಆ ಮನುಷ್ಯರಿಗೆ ಫೋನ್ ಮಾಡೋದು. "ಏನಾದ್ರೂ ಬೇಕಿದ್ರೆ ಹೇಳಿ" ಅಂತ ಮಾತ್ರ ಕೇಳಬೇಡಿ, ಕಷ್ಟದಲ್ಲಿರೋರು ಯಾರೂ ಅದಕ್ಕೆ ಬಾಯಿಬಿಟ್ಟು ಏನೂ ಹೇಳಲ್ಲ. ನಾಳೆ ಸ್ಕ್ಯಾನಿಂಗಿಗೆ ನಾನು ಕರ್ಕೊಂಡು ಹೋಗ್ಲಾ, ಇಲ್ಲ ಸಂಜೆ ಮಕ್ಕಳನ್ನ ಸ್ಕೂಲಿಂದ ಕರ್ಕೊಂಡು ಬರ್ಲಾ ಅಂತ ಎರಡು ಕೆಲಸ ಮುಂದಿಟ್ಟು ಕೇಳಿದ್ರೆ ಒಂದಕ್ಕಾದ್ರೂ ಹೂಂ ಅಂತಾರೆ.

ನಮ್ಮ ಸಭೆಯ ಹಿರಿಯರೊಬ್ಬರಿಗೆ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಗಿತ್ತು. ನೋಡೋಕೆ ಹೋಗೋರೆಲ್ಲ ಹಣ್ಣು ಇಟ್ಟು, ಒಂದು ಕೀರ್ತನೆ ಓದಿ, ಪ್ರಾರ್ಥನೆ ಮಾಡಿ ಬರೋರು, ತಪ್ಪಲ್ಲ. ನಾನು ಬೈಬಲ್ ತೆಗೆಯೋಕೆ ಹೋದಾಗ ಅವರು ತೊದಲ್ತಾ, "ಪ್ರಾರ್ಥನೆ ಆಮೇಲೆ ಮಾಡಪ್ಪಾ, ಮೊದ್ಲು ಈ ಗಡ್ಡ ತೆಗಿ, ಕೆರೆತ ತಡೆಯೋಕಾಗ್ತಿಲ್ಲ" ಅಂದ್ರು. ಇನ್ನೊಬ್ಬರ ಮುಖಕ್ಕೆ ಶೇವ್ ಮಾಡೋದು ಅಂದುಕೊಂಡಷ್ಟು ಸುಲಭ ಅಲ್ಲ, ಜೋತುಬಿದ್ದ ಕಡೆಯ ಕೆನ್ನೇನ ಅವರಾಗೇ ಉಬ್ಬಿಸೋಕಾಗಲ್ಲ, ಅದಕ್ಕೆ ಎರಡು ಬೆರಳಲ್ಲಿ ಚರ್ಮ ಎಳೆದು ಹಿಡ್ಕೊಂಡು ಸಣ್ಣಸಣ್ಣಗೆ ರೇಜರ್ ಆಡಿಸಬೇಕು, ಬಾಯಿ ಕೊನೇಲಿ ಜೊಲ್ಲು ಸೋರುತ್ತೆ ಅಂತ ಗದ್ದದ ಕೆಳಗೆ ಟವೆಲ್ ಮಡಚಿ ಇಡಬೇಕು, ಮಧ್ಯೆ ಅವರಿಗೆ ಕೆಮ್ಮು ಬಂದ್ರೆ ಕೈ ತಟ್ಟಂತ ಹಿಂದಕ್ಕೆ. ಅವತ್ತು ಮುಗಿದ ಮೇಲೆ ನಾನು ಕಣ್ಮುಚ್ಚೋಕೆ ಮುಂಚೇನೇ ಅವರೇ ಪ್ರಾರ್ಥನೆ ಶುರು ಮಾಡಿದ್ರು, ಅರ್ಧ ಮಾತು ಅರ್ಥ ಆಗಲಿಲ್ಲ, ನನ್ನ ಹೆಸರು ಮಾತ್ರ ಸರಿಯಾಗಿ ಕೇಳಿಸ್ತು. ಆಮೇಲಿಂದ ಶನಿವಾರ ಶನಿವಾರ ಅದು ನನ್ನ ಕೆಲಸ ಆಯ್ತು.

ಇನ್ನು ದುಡ್ಡಿನ ವಿಷ್ಯ. ನಮ್ಮ ಜನ ದಶಮಾಂಶದ ಬಗ್ಗೆ, ಅಂದ್ರೆ ಆದಾಯದಲ್ಲಿ ಹತ್ತರಲ್ಲೊಂದು ಪಾಲು ದೇವರಿಗೆ ಕೊಡೋದರ ಬಗ್ಗೆ, ಗಂಟೆಗಟ್ಟಲೆ ಮಾತಾಡ್ತಾರೆ, ಯಾಜಕಕಾಂಡ 19:13 ಮಾತ್ರ ಯಾರೂ ಎತ್ತಲ್ಲ, ಕೂಲಿಯವನ ಕೂಲಿ ಬೆಳಗಾಗೋವರೆಗೂ ನಿನ್ನ ಹತ್ರ ಇರಬಾರದು ಅಂತ ಅಲ್ಲಿ ನೇರವಾಗಿ ಇದೆ. ಯಾಕೋಬ 5:4ರಲ್ಲಿ ಹಿಡ್ಕೊಂಡಿರೋ ಕೂಲೀನೇ ಕೂಗುತ್ತೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ. ನನ್ನ ಕೆಲಸಕ್ಕೆ ದಿನಗೂಲಿಯವರು ಬರ್ತಾರೆ, ಅವರು ಕೈಕಾಲು ತೊಳ್ಕೊಂಡು ಹೊರಡೋ ಹೊತ್ತಿಗೆ ದುಡ್ಡು ಎಣಿಸಿ ರೆಡಿ ಇರಬೇಕು ಅನ್ನೋದು ನಾನು ಹಾಕ್ಕೊಂಡಿರೋ ರೂಲು, ಚಿಲ್ಲರೆ ಇಲ್ಲ, ನಾಳೆ ನೋಡೋಣ, ಇವೆಲ್ಲ ಇಲ್ಲ. ಆರಾಧನೇಲಿ ಎರಡೂ ಕೈ ಎತ್ತಿ ಸ್ತೋತ್ರ ಹೇಳಿ ಆಳುಗಳನ್ನ ದುಡ್ಡಿಗಾಗಿ ಗೇಟ್ ಹತ್ರ ಅಲೆಸೋನ ನಿಜವಾದ ಸಾಕ್ಷಿ ಆ ಆಳು ಅವನ ಮನೇಲಿ ಹೇಳ್ತಿರ್ತಾನೆ.

ಮತ್ತಾಯ 5:23-24 ನನಗೆ ಈಗ್ಲೂ ಕಷ್ಟ. ಕಾಣಿಕೆ ಅರ್ಪಿಸೋಕೆ ಬಂದಾಗ ನಿನಗೆ ಯಾರ ಮೇಲೆ ಸಿಟ್ಟಿದೆ ಅಂತ ಅಲ್ಲಿ ಕೇಳಿಲ್ಲ, ನಿನ್ನ ಮೇಲೆ ಯಾರಿಗೆ ಬೇಜಾರಿದೆ ಅಂತ ನೆನಪಾದ್ರೆ ಕಾಣಿಕೆ ಅಲ್ಲೇ ಬಿಟ್ಟು ಹೋಗು ಅಂತಾರೆ ಯೇಸು ಸ್ವಾಮಿ. ಹಾಗಾಗಿ ಭಾನುವಾರಕ್ಕೆ ಮುಂಚೆ ಅಂಥವರು ಯಾರಾದ್ರೂ ಇದ್ರೆ ಫೋನ್ ಮಾಡ್ತೀನಿ, ಅವರು ಹೇಳೋದು ಪೂರ್ತಿ ಮುಗಿಯೋವರೆಗೂ ನನ್ನ ಕಡೆ ವಾದ ಹೇಳಲ್ಲ. ಕೆಲವರು ಫೋನೇ ಎತ್ತಲ್ಲ, ಇರಲಿ.

ಇದನ್ನೆಲ್ಲ ಹೇಳಿದಾಗ ಕೆಲವು ಬ್ರದರ್ಸ್ ತಕ್ಷಣ, ನೀವು ಕ್ರಿಯೆಯಿಂದ ರಕ್ಷಣೆ ಅಂತಿದೀರಾ, ದೇವರ ಕೃಪೆ ಸಾಲದು ಒಳ್ಳೇ ಕೆಲಸ ಮಾಡಿ ಸಂಪಾದಿಸಬೇಕು ಅಂತಿದೀರಾ ಅಂತ ಜಗಳಕ್ಕೆ ಬರ್ತಾರೆ. ಹಳೇ ಜಗಳ ಇದು, ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ 1522ರಲ್ಲಿ ಯಾಕೋಬನ ಪತ್ರಿಕೇನ ಹುಲ್ಲಿನ ಪತ್ರಿಕೆ, ಅಂದ್ರೆ ತೂಕ ಇಲ್ಲದ್ದು, ಅಂತಾನೇ ಬರೆದಿದ್ದ. ಆದ್ರೆ ಎಫೆಸ 2:8-9 ಬಾಯಿಪಾಠ ಹೇಳೋರು 10ನೇ ವಚನಕ್ಕೆ ಯಾಕೆ ಹೋಗಲ್ಲ ಅಂತ ನನ್ನ ಪ್ರಶ್ನೆ, ಕೃಪೆಯಿಂದ ರಕ್ಷಣೆ ಅಂದ ಪೌಲನೇ ಸತ್ಕ್ರಿಯೆ ಮಾಡೋದಕ್ಕೇ ನಮ್ಮನ್ನ ಸೃಷ್ಟಿ ಮಾಡಿದ್ದು ಅಂತ ಮುಂದಿನ ಸಾಲಲ್ಲೇ ಹೇಳ್ತಾನೆ. 1999ರ ಅಕ್ಟೋಬರ್ 31ಕ್ಕೆ ಜರ್ಮನಿಯ ಆಗ್ಸ್‌ಬರ್ಗಲ್ಲಿ ಕ್ಯಾಥೊಲಿಕ್ಕರೂ ಲೂಥರನ್ನರೂ ಕೂತು ಸಹಿ ಹಾಕಿದ ಜಂಟಿ ಘೋಷಣೆಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತೆ, ನೀತಿವಂತರಾಗೋದು ಕೃಪೆಯಿಂದ, ಒಳ್ಳೇ ಕೆಲಸ ಅದರ ಫಲ. ಅವರೇ ಕೂತು ಬಗೆಹರಿಸ್ಕೊಂಡ ಮೇಲೆ ನಮಗ್ಯಾಕೆ ಬೇಕು.

ಬೇಜಾರಾಗೋ ದಿನಗಳೂ ಇವೆ, ತುಂಬಾನೇ ಇವೆ. ಆಗ ನನಗೆ ನೆನಪಾಗೋದು 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲೈಟ್ ಮಠದಲ್ಲಿದ್ದ ಬ್ರದರ್ ಲಾರೆನ್ಸ್. ಅವರಿಗೆ ಅಡುಗೆಮನೆ ಕೆಲಸ ಸ್ವಭಾವತಃ ಇಷ್ಟಾನೇ ಇರಲಿಲ್ಲವಂತೆ, ಆದ್ರೂ ವರ್ಷಗಟ್ಟಲೆ ಅದನ್ನೇ ದೇವರಿಗೋಸ್ಕರ ಅಂತ ಮಾಡಿದ್ರು. ಇಷ್ಟ ಆಗೋವರೆಗೂ ಕಾಯ್ತಾ ಕೂರಬೇಕಿಲ್ಲ ಅನ್ನೋದೇ ನನಗೆ ದೊಡ್ಡ ಬಿಡುಗಡೆ.

ಫೋಟೋ ಹಾಕಲ್ಲ, ಸ್ಟೇಟಸ್ ಹಾಕಲ್ಲ. ಸಹಾಯ ಮಾಡೋ ಕೈಯಲ್ಲೇ ಕರಪತ್ರಾನೂ ಕೊಡಲ್ಲ, ಈ ವಿಷ್ಯದಲ್ಲಿ ನಮ್ಮ ಪಾಸ್ಟರಿಗೂ ನನಗೂ ಅಭಿಪ್ರಾಯ ಬೇರೆ, ಯೇಸುವಿನ ಬಗ್ಗೆ ಕೇಳಿದ್ರೆ ಕೂತು ಹೇಳ್ತೀನಿ. ಲೂಕ 10ರಲ್ಲಿ ಯೇಸು ಹೇಳಿದ ಕಥೆಯ ಆ ಸಮಾರ್ಯದವನು, ಕಳ್ಳರು ಹೊಡೆದು ದಾರೀಲಿ ಬಿಟ್ಟುಹೋಗಿದ್ದ ಅಪರಿಚಿತನ ಗಾಯ ಕಟ್ಟಿ, ಛತ್ರದವನ ಕೈಗೆ ಎರಡು ದಿನದ ಕೂಲಿಯಷ್ಟು ದುಡ್ಡು ಕೊಟ್ಟು, ಇವನನ್ನ ನೋಡ್ಕೋ, ಇನ್ನೂ ಖರ್ಚಾದ್ರೆ ವಾಪಸ್ ಬರುವಾಗ ಕೊಡ್ತೀನಿ ಅಂದ. ಅವನ ಬಾಯಲ್ಲಿ ಬಂದಿದ್ದು ಅಷ್ಟೇ ಮಾತು. ಆ "ವಾಪಸ್ ಬರುವಾಗ" ಅನ್ನೋದನ್ನ ನಾನು ಪುಸ್ತಕದಲ್ಲಿ ತಾರೀಖು ಹಾಕಿ ಬರ್ಕೊಳ್ತೀನಿ, ಯಾಕಂದ್ರೆ ಮೊದಲನೇ ವಾರ ಎಲ್ಲರೂ ಬರ್ತಾರೆ, ಎರಡನೇ ತಿಂಗಳು ಯಾರೂ ಇರಲ್ಲ.

ಆಗದೇ ಇದ್ದಾಗ ಆಗಲ್ಲ ಅಂತ ಅವತ್ತೇ ಹೇಳಿಬಿಡ್ತೀನಿ, ಹೌದಾದ್ರೆ ಹೌದು ಅಲ್ಲವಾದ್ರೆ ಅಲ್ಲ. ಆಮೇಲೆ ಆ ಕೆಲಸ ಮಾಡಬಲ್ಲವರು ಇನ್ಯಾರಿದಾರೆ ಅಂತ ಹುಡುಕಿ ಬಲಗಡೆ ಅವರ ನಂಬರ್ ಬರೀತೀನಿ.