ಸಾಮನ್ ಮೊಟ್ಟೆಗೆ ಅಯೋಡಿನ್: ಹರ್ಪಿಸ್ ವೈರಸ್ ತಡೆಯುವ ಬಗೆ

ಹ್ಯಾಚರಿಗೆ (ಮೊಟ್ಟೆಯಿಂದ ಮೀನುಮರಿ ಮಾಡಿಸುವ ಕೇಂದ್ರ) ಹೊಸದಾಗಿ ಸೇರಿದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಮೀನಿಗೆ ಹರ್ಪಿಸ್ ಬಂದರೆ ಯಾವ ಔಷಧಿ?" ಔಷಧಿ ಇಲ್ಲ. ಎರಡನೆಯದು, "ನಮಗೂ ಹತ್ತುತ್ತಾ?" ಇಲ್ಲ, ಇದು ಮೀನು ಮತ್ತು ಕಪ್ಪೆಗಳ ಹರ್ಪಿಸ್ ಕುಟುಂಬ, ನಮ್ಮದು ಬೇರೆ.

ಸೋಂಕು ತಗುಲಿ ಬದುಕುಳಿದ ಮೀನು ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿದ್ದರೂ ವೈರಸ್ ಒಳಗೇ ಅಡಗಿರಬಹುದು. 1978ರಲ್ಲಿ ಜಪಾನಿನ ಹೊಕ್ಕೈಡೊದಲ್ಲಿ ಇಂಥ ಹರ್ಪಿಸ್ ವೈರಸ್ ಒಂದು ಸಿಕ್ಕಿದ್ದು ಮಾಸು ಸಾಮನ್‌ ತಾಯಿಮೀನಿನ ಮೊಟ್ಟೆಯ ಜೊತೆ ಬರುವ ದ್ರವದಲ್ಲೇ. ಮರಿಗಳನ್ನು ಕೊಲ್ಲುತ್ತದೆ, ಉಳಿದವುಗಳ ಬಾಯಿ ಸುತ್ತ ಆಮೇಲೆ ಗಡ್ಡೆ ಬೆಳೆಸುತ್ತದೆ. ಹಾಗಾಗಿ ಹಿಡಿತ ಸಿಗುವುದು ಮೊಟ್ಟೆಯ ಹಂತದಲ್ಲಿ.

ಕಣ್ಣು ಮೂಡಿದ (ಒಳಗಿನ ಮರಿಯ ಕಣ್ಣು ಕಪ್ಪು ಚುಕ್ಕೆಯಾಗಿ ಕಾಣುವ) ಮೊಟ್ಟೆಗಳನ್ನು ಮೊದಲು ಶುದ್ಧ ನೀರಿನಲ್ಲಿ ತೊಳೆಯಿರಿ. ಇದನ್ನು ಬಿಟ್ಟರೆ ಮುಂದಿನದ್ದೆಲ್ಲ ದಂಡ, ಯಾಕಂದ್ರೆ ಲೋಳೆ, ಕೊಳೆ, ಸತ್ತ ಮೊಟ್ಟೆಯ ಚೂರುಗಳೇ ಅಯೋಡಿನ್ ತಿಂದುಹಾಕುತ್ತವೆ. ಆಮೇಲೆ ಅಯೋಡೊಫೋರ್ (ಅಯೋಡಿನ್ ಇರುವ ಸೋಂಕುನಾಶಕ) ದ್ರಾವಣ: ಲೀಟರ್‌ಗೆ 100 ಮಿಲಿಗ್ರಾಂ ಅಯೋಡಿನ್, 10 ನಿಮಿಷ. ಬಾಟಲಿಯಲ್ಲಿ 1% ಅಯೋಡಿನ್ ಅಂತಿದ್ದರೆ ಲೀಟರ್ ನೀರಿಗೆ 10 ಮಿಲಿಲೀಟರ್. ಸೋಪಿನಂಥ ಡಿಟರ್ಜೆಂಟ್ ಬೆರೆಸಿದ ಅಯೋಡೊಫೋರ್ ಬೇಡವೇ ಬೇಡ, ಅದು ಮೊಟ್ಟೆಗೆ ವಿಷ.

ಹೆಚ್ಚಿನವರು ಮರೆಯುವುದು ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ. ಮೃದು (ಲವಣ ಕಡಿಮೆ ಇರುವ) ನೀರಿನಲ್ಲಿ ಅಯೋಡೊಫೋರ್ ಹಾಕಿದೊಡನೆ ಪಿಎಚ್ ಕುಸಿಯುತ್ತದೆ. 6ಕ್ಕಿಂತ ಕೆಳಗಿಳಿದರೆ ವೈರಸ್‌ಗೆ ಮೊದಲು ಮೊಟ್ಟೆಯೇ ಸಾಯುತ್ತದೆ. ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಹಾಕಿ 6ರಿಂದ 8ರ ನಡುವೆ ತನ್ನಿ, ಅಳೆದು ನೋಡಿ. ಕಂದು ಬಣ್ಣ ತೆಳು ಹಳದಿಗೆ ತಿರುಗಿತೋ, ಆ ನೀರು ಮುಗಿಯಿತು. ಉಳಿಸೋಕೆ ಹೋಗಬೇಡಿ. ಕೊನೆಗೆ ಚೆನ್ನಾಗಿ ತೊಳೆದು, ಬೇರೆ ಶುಭ್ರ ಟ್ರೇಗೆ ಹಾಕಿ. ಒಡೆಯಲು ಹತ್ತಿರವಾದ ಮೊಟ್ಟೆಗೆ ಇದನ್ನು ಮಾಡಬೇಡಿ. ಇದೆಲ್ಲ ಮೊಟ್ಟೆಯ ಹೊರಮೈಗೆ ಮಾತ್ರ ಅನ್ನುವುದೂ ನೆನಪಿರಲಿ.

ಬಲೆ, ಬಕೆಟ್ ಪ್ರತಿ ತೊಟ್ಟಿಗೂ ಬೇರೆ. ಇಷ್ಟೇ.

ಮರಿಗಳ ಮೇಲೆ ಕಣ್ಣಿಡಿ, ತಣ್ಣೀರಿದ್ದಾಗ ಜಾಸ್ತಿ. 1980ರ ದಶಕದಲ್ಲಿ ಉತ್ತರ ಅಮೆರಿಕದ ಗ್ರೇಟ್ ಲೇಕ್ಸ್ ಭಾಗದ ಹ್ಯಾಚರಿಗಳಲ್ಲಿ ಲಕ್ಷಾಂತರ ಲೇಕ್ ಟ್ರೌಟ್ (ಸಾಮನ್ ಕುಟುಂಬದ್ದೇ ಮೀನು) ಮರಿಗಳನ್ನು ಕೊಂದ ಹರ್ಪಿಸ್ ವೈರಸ್ 6ರಿಂದ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಡುವಂಥದ್ದು. ಚರ್ಮ, ರೆಕ್ಕೆಯ ಮೇಲೆ ಬೂದು-ಬಿಳಿ ಲೋಳೆ ಮಚ್ಚೆ, ಕಣ್ಣಲ್ಲಿ ರಕ್ತ, ಮಂಕಾಗಿ ತೇಲುತ್ತಾ ಇದ್ದಕ್ಕಿದ್ದಂತೆ ಗಿರಗಿರ ಸುತ್ತುವುದು ಅದರ ಗುರುತು. ಬೂಷ್ಟು ಅಂತ ಸುಮ್ನೆ ಉಪ್ಪು ಹಾಕಿ ಕೂರಬೇಡಿ. ಸಾಯುವ ಹಂತದ ಮರಿಗಳನ್ನು ಲ್ಯಾಬ್‌ಗೆ ಕಳಿಸಿ, ಪಿಸಿಆರ್ (ವೈರಸ್‌ನ ಡಿಎನ್‌ಎ ಹುಡುಕುವ) ಪರೀಕ್ಷೆಯನ್ನೇ ಕೇಳಿ. ಲ್ಯಾಬ್‌ನಲ್ಲಿ ಬೆಳೆಸಿದ ಮೀನಿನ ಜೀವಕೋಶಗಳಲ್ಲಿ ವೈರಸ್ ಬೆಳೆಸಿ ನೋಡುವ ಮಾಮೂಲಿ ವಿಧಾನದಲ್ಲಿ ಈ ವೈರಸ್ ಬೆಳೆಯುವುದಿಲ್ಲ, "ಏನೂ ಸಿಗಲಿಲ್ಲ" ಅಂತ ವರದಿ ಬಂದುಬಿಡುತ್ತದೆ.